‘ನನಗೆ’ ಎಲ್ಲಿ ಹೋಯಿತು? ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಇಂಗ್ಲಿಷ್ ಕಲಿಕೆ: ಒಂದು ಪ್ರಕರಣ ಅಧ್ಯಯನ

ಜೂನ್ ತಿಂಗಳ ಎರಡನೆಯ ವಾರದಲ್ಲಿ, ಬೇರೆ ಊರಿನ ಶಾಲೆಯಿಂದ ಬಂದು ಒಂಬತ್ತನೆಯ ತರಗತಿಗೆ ಸೇರಿದ 14 ವರ್ಷದ ಹುಡುಗನೊಬ್ಬನಿಗೆ ತನ್ನ ಮನೆ ಮತ್ತು ಶಾಲೆಯ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಲು ಹೇಳಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವನು ತಂದುಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಮೈ ಫಾದರ್ ಫಾರ್ಮರ್. ಟು ಮಿ ಟೂ ಸಿಸ್ಟರ್ ಈಸ್. ಐ ಆ್ಯಮ್ ಕೇಮ್ ಸ್ಕೂಲ್ ಬಸ್ ಇನ್. ಅವರ್ ಹೆಡ್‌ಮಾಸ್ಟರ್ ಆರ್ ಗುಡ್. ಐ ಸ್ಟಡಿ ಇಂಗ್ಲಿಷ್ ಫ್ರಮ್ ಏಟ್ ಇಯರ್.’ ಮರುದಿನ ಅದೇ ಹುಡುಗ ಕಪ್ಪುಹಲಗೆಯ ಮುಂದೆ ನಿಂತು, ‘ಪ್ಲೇ’ ಎಂಬ ಕ್ರಿಯಾಪದದ 12 ಕಾಲರೂಪಗಳ ಕೋಷ್ಟಕವನ್ನು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಅಸ್ ಸಹಿತವಾಗಿ, ಒಂದು ಅಕ್ಷರವೂ ತಪ್ಪದಂತೆ ಬರೆದು ತೋರಿಸಿದ. ಕೋಷ್ಟಕ ಬಲ್ಲವನಿಗೆ ತಾನು ಶಾಲೆಗೆ ಬಸ್ಸಿನಲ್ಲಿ ಬಂದೆ ಎಂದು ಹೇಳಲು ಬಾರದೇ ಹೋದದ್ದು ಹೇಗೆ ಎಂಬ ಪ್ರಶ್ನೆಯಿಂದ ಈ ಅಧ್ಯಯನ ಶುರುವಾಯಿತು. ಮುಂದಿನ ಮಾರ್ಚ್‌ವರೆಗೆ, ವಾರಕ್ಕೆ ಮೂರು ಸಂಜೆ, ಶಾಲೆ ಬಿಟ್ಟಾಗಿನಿಂದ ಅವನ ಊರಿನ ಬಸ್ ಬರುವವರೆಗಿನ ಸುಮಾರು ನಲವತ್ತು ನಿಮಿಷ ನಾವಿಬ್ಬರೂ ಕೂತು ಮಾಡಿದ ಕೆಲಸದ ವಿವರ ಇಲ್ಲಿದೆ.

ಹುಡುಗನ ಹಿನ್ನೆಲೆಯಲ್ಲಿ ವಿಶೇಷವೇನೂ ಇಲ್ಲ. ಹಾವೇರಿ ಜಿಲ್ಲೆಯ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಥ ಮಕ್ಕಳೇ ಹೆಚ್ಚು. ತಂದೆಗೆ ಎರಡು ಎಕರೆ ಹೊಲ, ಒಂದು ಬೋರ್‌ವೆಲ್. ಮೆಣಸಿನಕಾಯಿ ಮತ್ತು ಗೋವಿನಜೋಳ ಬೆಳೆಯುತ್ತಾರೆ. ತಾಯಿ ಬಿತ್ತನೆ ಮತ್ತು ಸುಗ್ಗಿಯಲ್ಲಿ ಬೇರೆಯವರ ಹೊಲಕ್ಕೂ ಹೋಗುತ್ತಾರೆ. ಅಜ್ಜಿ ಮನೆಯಲ್ಲಿರುತ್ತಾರೆ. ಇಂಗ್ಲಿಷ್ ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಬಂದಿರುವುದರಿಂದ, ಲೆಕ್ಕಕ್ಕೆ ಇವನು ಎಂಟು ವರ್ಷ ಇಂಗ್ಲಿಷ್ ಓದಿದವನು. ಆದರೂ ಅವನನ್ನು ಆರಂಭಿಕ ಕಲಿಕೆಯವನು ಎಂದೇ ಪರಿಗಣಿಸಿದೆ, ಏಕೆಂದರೆ ಆ ಎಂಟು ವರ್ಷಗಳಲ್ಲಿ ಅವನು ತನ್ನದೇ ಆದ ಒಂದು ವಾಕ್ಯವನ್ನು ಯಾರಿಗೂ ಹೇಳಬೇಕಾದ ಸಂದರ್ಭ ಬಂದಿರಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕ, ಅದರಲ್ಲಿ 20 ಆಂತರಿಕ ಮೌಲ್ಯಮಾಪನದ್ದು. ಉಳಿದ 80ರಲ್ಲಿ ಪಾಸಾಗುವಷ್ಟನ್ನು ಪದ್ಯ, ಪತ್ರ ಮತ್ತು ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿ ಗಳಿಸಬಹುದೆಂಬುದು ಮಕ್ಕಳಿಗೂ ಗೊತ್ತು, ನಮಗೂ ಗೊತ್ತು. ರಜೆ ಕೋರುವ ಪತ್ರವನ್ನು ಈ ಹುಡುಗ ಎರಡು ನಿಮಿಷದಲ್ಲಿ ಬರೆಯಬಲ್ಲ. ಆದರೆ ರಜೆ ಯಾಕೆ ಎಂದು ಕೇಳಿದರೆ, ಪತ್ರದಲ್ಲಿರುವ ಜ್ವರವನ್ನು ಬಿಟ್ಟು ಬೇರೆ ಕಾರಣ ಹೇಳಲಾರ.

ಮೊದಲ ತಿಂಗಳಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ದಾಖಲಿಸಬೇಕು. ಅವನು ಬರೆದು ತಂದ ಪ್ರತಿ ಹಾಳೆಯ ಪ್ರತಿ ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದಿದೆ. ಜುಲೈ ಹೊತ್ತಿಗೆ ಅವನ ಬರಹದಲ್ಲಿ ತಪ್ಪುಗಳು ಬಹಳ ಕಡಿಮೆಯಾದವು, ವಾಕ್ಯಗಳೂ ಕಡಿಮೆಯಾದವು. ಐದು ಬರೆಯುತ್ತಿದ್ದವನು ಮೂರಕ್ಕೆ ಇಳಿದ, ಆ ಮೂರೂ ಪಾಠದಿಂದ ಎತ್ತಿದವು. ಹೊಲ, ಅಜ್ಜಿ, ಬಸ್ಸು ಎಲ್ಲವೂ ಹಾಳೆಯಿಂದ ಮಾಯವಾಗಿ, ‘ದಿ ಸನ್ ರೈಸಸ್ ಇನ್ ದಿ ಈಸ್ಟ್’ ಬಂದು ಕೂತಿತ್ತು. ಕೆಂಪು ಪೆನ್ನನ್ನು ಅಂದೇ ನಿಲ್ಲಿಸಿ, ಜೂನ್ ತಿಂಗಳ ಮೊದಲ ಹಾಳೆಯನ್ನು ಮತ್ತೆ ಹೊರತೆಗೆದು, ಈ ಸಲ ತಿದ್ದುವುದಕ್ಕಲ್ಲದೆ ಓದುವುದಕ್ಕೆಂದು ಕೂತೆ.

ಓದಿದಾಗ ಕಂಡದ್ದು ಇದು: ಆ ಐದು ವಾಕ್ಯಗಳಲ್ಲಿ ಅಡ್ಡಾದಿಡ್ಡಿಯಾದ ತಪ್ಪು ಒಂದೂ ಇರಲಿಲ್ಲ. ‘ಅಪ್ಪ ರೈತ’ ಎಂಬುದು ಕನ್ನಡದಲ್ಲಿ ಕ್ರಿಯಾಪದವಿಲ್ಲದ ಪೂರ್ಣ ವಾಕ್ಯ. ಆದ್ದರಿಂದ ‘ಮೈ ಫಾದರ್ ಫಾರ್ಮರ್’. ‘ನನಗೆ ಇಬ್ಬರು ತಂಗಿಯರು’ ಎಂಬಲ್ಲಿ ಚತುರ್ಥಿ ಇದೆ. ಆದ್ದರಿಂದ ‘ಟು ಮಿ’. ‘ಬಸ್ಸಿನಲ್ಲಿ’ ಎಂಬಲ್ಲಿ ‘ಅಲ್ಲಿ’ ನಾಮಪದದ ನಂತರ ಬರುತ್ತದೆ. ಆದ್ದರಿಂದ ‘ಬಸ್ ಇನ್’. ಹೆಡ್‌ಮಾಸ್ತರರಿಗೆ ಗೌರವದ ಬಹುವಚನ, ಆದ್ದರಿಂದ ‘ಆರ್’. ‘ಎಂಟು ವರ್ಷದಿಂದ’ ಎಂಬಲ್ಲಿ ತೃತೀಯಾ, ಆದ್ದರಿಂದ ‘ಫ್ರಮ್’. ಕಲಿಯುವವರ ತಪ್ಪುಗಳು ಅವರೊಳಗೆ ಕೆಲಸ ಮಾಡುತ್ತಿರುವ ವ್ಯವಸ್ಥೆಯ ಪುರಾವೆಗಳು ಎಂದು ಭಾಷಾಬೋಧನೆಯ ವಿದ್ವಾಂಸ ಪಿಟ್ ಕಾರ್ಡರ್ 1967ರಷ್ಟು ಹಿಂದೆಯೇ ವಾದಿಸಿದ್ದರು, ಬಿ.ಇಡಿ. ಓದುವಾಗ ಅದನ್ನು ಪರೀಕ್ಷೆಗೆಂದು ನಾನೂ ಬಾಯಿಪಾಠ ಮಾಡಿದ್ದೆ. ಇವನ ಹಾಳೆಯಲ್ಲಿದ್ದ ವ್ಯವಸ್ಥೆ ಅಚ್ಚ ಕನ್ನಡದ ವ್ಯಾಕರಣ, ಅದೂ ಬಲು ನಿಷ್ಠೆಯಿಂದ ಪಾಲಿಸಿದ ವ್ಯಾಕರಣ. ಹಾಗಿದ್ದ ಮೇಲೆ ಇಂಗ್ಲಿಷಿನ ಕೋಷ್ಟಕವನ್ನು ಇನ್ನೊಮ್ಮೆ ಕಲಿಸಿ ಪ್ರಯೋಜನವಿಲ್ಲ. ಅವನ ಕನ್ನಡ ಎಲ್ಲಿ ಇಂಗ್ಲಿಷಿಗೆ ದಾರಿ ಬಿಡುತ್ತದೆ, ಎಲ್ಲಿ ಅಡ್ಡ ನಿಲ್ಲುತ್ತದೆ ಎಂಬುದನ್ನು ಅವನೇ ನೋಡುವಂತೆ ಮಾಡಬೇಕು ಎಂದು ನಿರ್ಧರಿಸಿದೆ.

ಅದಕ್ಕೆ ಬೇಕಾದ ಸಲಕರಣೆ ಅವನ ಬಾಯಲ್ಲೇ ಇತ್ತು. ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂಬ ವಿಭಕ್ತಿ ಪ್ರತ್ಯಯಗಳ ಸಾಲನ್ನು ಕನ್ನಡ ಶಾಲೆಯ ಮಗು ಮಗ್ಗಿಯಂತೆ ಒಪ್ಪಿಸುತ್ತದೆ. ಇಂಗ್ಲಿಷ್ ಮೇಷ್ಟರುಗಳಾದ ನಾವು ಈ ಸಾಲನ್ನು ಪಕ್ಕದ ಕೋಣೆಯ ಕನ್ನಡ ಪಂಡಿತರ ಆಸ್ತಿ ಎಂದು ಬಿಟ್ಟುಬಿಟ್ಟಿದ್ದೇವೆ. ‘ಇಂದ’ ಎಂಬ ಒಂದೇ ಪ್ರತ್ಯಯ ಕನ್ನಡದಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ಮೊದಲು ಕನ್ನಡದಲ್ಲೇ ಪಟ್ಟಿ ಮಾಡಿಸಿದೆ. ಊರಿನಿಂದ ಬಂದೆ, ಪೆನ್ನಿನಿಂದ ಬರೆದೆ, ಎಂಟು ವರ್ಷದಿಂದ ಓದುತ್ತಿದ್ದೇನೆ, ಸೋಮವಾರದಿಂದ ಮಳೆ, ಜ್ವರದಿಂದ ಮಲಗಿದ್ದಾನೆ, ಅವನಿಂದ ಆಯಿತು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಮೊದಲನೆಯದು ಮಾತ್ರ ‘ಫ್ರಮ್’. ಉಳಿದವು ಕ್ರಮವಾಗಿ ‘ವಿತ್’, ‘ಫಾರ್’, ‘ಸಿನ್ಸ್’, ‘ಬಿಕಾಸ್ ಆಫ್’, ‘ಬೈ’. ಆರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಿದ ಹುಡುಗ, ಒಬ್ಬ ಆಳು ಮಾಡುವ ಕೆಲಸಕ್ಕೆ ಇಂಗ್ಲಿಷಿನವರು ಆರು ಜನರನ್ನು ಇಟ್ಟುಕೊಂಡಿದ್ದಾರೆ ಎಂದ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಆದರೆ ಈ ಪ್ರಕರಣದ ತಿರುವು ಬಂದದ್ದು ‘ಇಂದ’ದಲ್ಲಲ್ಲ, ‘ಗೆ’ಯಲ್ಲಿ. ಆಗಸ್ಟ್ ತಿಂಗಳ ಒಂದು ಸಂಜೆ ಅವನು ಪುಸ್ತಕ ಮುಚ್ಚುತ್ತಾ ಕೇಳಿದ: “ಸರ, ‘ನನಗ ಹಸಿವಾಗೇತಿ’ ಅನ್ನೂದು ‘ಐ ಆ್ಯಮ್ ಹಂಗ್ರಿ’ ಆದ್ರ, ಅದರಾಗ ‘ನನಗ’ ಎಲ್ಲಿ ಹೋತ್ರಿ?” ನಾನು ಸುಮ್ಮನಿದ್ದುದನ್ನು ಕಂಡು, “ನಾನ ಹಸಿವು ಆಗಿಬಿಟ್ಟೆ ಅಂದಂಗ ಆತಲ್ರಿ,” ಎಂದು ಸೇರಿಸಿದ. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾಳೆ ನೋಡೋಣ ಎಂದು ಬಸ್ಸಿಗೆ ಕಳಿಸಿದೆ.

ಮರುದಿನ ಇಬ್ಬರೂ ಕೂತು, ‘ನನಗೆ’ ಎಂದು ಶುರುವಾಗುವ ಕನ್ನಡ ವಾಕ್ಯಗಳನ್ನು ತೋಚಿದಂತೆ ಬರೆಯುತ್ತಾ ಹೋದೆವು. ಹಸಿವಾಗಿದೆ, ಸುಸ್ತಾಗಿದೆ, ಹೆದರಿಕೆಯಾಗುತ್ತಿದೆ, ಇಬ್ಬರು ತಂಗಿಯರಿದ್ದಾರೆ, ಜ್ವರ ಇದೆ, ಈಜು ಬರುತ್ತದೆ, ಗೊತ್ತು, ಇಷ್ಟ, ಬೇಕು, ನೆನಪಿದೆ, ಅಣ್ಣ ಪೆನ್ನು ಕೊಟ್ಟ, ಚೇಳು ಕುಟುಕಿತು. ಇವುಗಳಿಗೆ ಇಂಗ್ಲಿಷ್ ಬರೆದು ಅವನ ಮುಂದಿಟ್ಟಾಗ ಗುಂಪುಗಳು ತಾವಾಗಿಯೇ ಕಾಣಿಸಿದವು. ದೇಹ ಮತ್ತು ಮನಸ್ಸಿನ ಸ್ಥಿತಿಗಳೆಲ್ಲ ‘ಐ ಆ್ಯಮ್’ ಕಡೆಗೆ ಹೋದವು: ಹಂಗ್ರಿ, ಟೈರ್ಡ್, ಅಫ್ರೇಡ್. ‘ಇದೆ’, ‘ಇದ್ದಾರೆ’ ಎಂದು ಮುಗಿಯುವ ನಂಟು, ಆಸ್ತಿ, ಕಾಯಿಲೆಗಳು ‘ಐ ಹ್ಯಾವ್’ ಕಡೆಗೆ. ‘ಬರುತ್ತದೆ’ ಎಂದು ಮುಗಿಯುವ ವಿದ್ಯೆಗಳು ‘ಐ ಕ್ಯಾನ್’ ಕಡೆಗೆ. ಗೊತ್ತು, ಇಷ್ಟ, ಬೇಕು, ನೆನಪು ಎಂಬ ನಾಲ್ಕಕ್ಕೆ ಅವುಗಳದ್ದೇ ಕ್ರಿಯಾಪದಗಳು: ನೋ, ಲೈಕ್, ವಾಂಟ್, ರಿಮೆಂಬರ್. ‘ನನಗೆ’ ನಿಜವಾಗಿ ‘ಮಿ’ ಆಗಿ ಉಳಿದದ್ದು ಅಣ್ಣ ಮತ್ತು ಚೇಳಿನ ವಾಕ್ಯಗಳಲ್ಲಿ ಮಾತ್ರ. ಅವೆರಡರಲ್ಲಿ ಕೆಲಸ ಮಾಡಿದವರು ಬೇರೆ ಯಾರೋ ಇದ್ದಾರೆ. ಉಳಿದವುಗಳಲ್ಲಿ ಅಂಥವರು ಯಾರೂ ಇಲ್ಲ. ಮಾಡುವವರು ಯಾರೂ ಇಲ್ಲದ ಕಡೆ ಕನ್ನಡ ನಮ್ಮನ್ನು ‘ನನಗೆ’ ಎಂದು ಪಕ್ಕದಲ್ಲಿ ಕೂರಿಸಿ, ಹಸಿವು ಜ್ವರಗಳು ತಾವಾಗಿ ಬಂದು ಹೋಗಲು ಬಿಡುತ್ತದೆ. ಇಂಗ್ಲಿಷಿಗೆ ಖಾಲಿ ಕುರ್ಚಿ ಸಹಿಸುವುದಿಲ್ಲ. ಅದು ನಮ್ಮನ್ನೇ ಎಳೆದು ‘ಐ’ ಎಂದು ಕೂರಿಸುತ್ತದೆ.

ನಿಯಮ ಸಿಕ್ಕಿತೆಂದು ನಾನು ಬೀಗುತ್ತಿರುವಾಗಲೇ ಹುಡುಗ ತಕರಾರು ತೆಗೆದ. “ನನಗ ನಿದ್ದಿ ಬಂತು ಅಂತೀವಲ್ರಿ. ಅಣ್ಣನೂ ಬರತಾನ, ನಿದ್ದಿನೂ ಬರತೈತಿ. ನಿದ್ದಿ ಯಾಕ ಮಾಡಾಂವ ಅಲ್ಲ?” ಬಹಳ ಹೊತ್ತು ಚರ್ಚೆಯಾಗಿ, ಕೊನೆಗೆ ಪರೀಕ್ಷೆಯನ್ನು ಅವನೇ ಕಟ್ಟಿದ: ಬಂದದ್ದನ್ನು ಕೈಯಲ್ಲಿ ಮುಟ್ಟಲು ಬಂದರೆ ಅದು ಮಾಡುವವ. ಅಣ್ಣನನ್ನು ಮುಟ್ಟಬಹುದು, ಬೇಡವಾದರೂ ಚೇಳನ್ನೂ ಮುಟ್ಟಬಹುದು. ನಿದ್ದೆ, ಸಿಟ್ಟು, ನಾಚಿಕೆಗಳನ್ನು ಮುಟ್ಟಲಾಗದು. ಇದು ಭಾಷಾವಿಜ್ಞಾನದ ನಿಯಮವಾಗಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತು. ತಂಗಿಯರನ್ನೂ ಮುಟ್ಟಬಹುದಾದ್ದರಿಂದ ‘ಇದ್ದಾರೆ’ ಎಂಬ ವಾಕ್ಯಗಳನ್ನು ಬೇರೆಯಾಗಿ ನೆನಪಿಡಬೇಕಾಯಿತು. ಆದರೆ ಆ ವಾರದಿಂದ ಮುಂದೆ ಅವನ ಬರಹದಲ್ಲಿ ‘ಟು ಮಿ’ ಎಂದು ಶುರುವಾದ ವಾಕ್ಯ ಎರಡೇ ಎರಡು ಸಲ ಕಂಡಿತು, ಎರಡೂ ಸಲ ಅವನೇ ಹೊಡೆದುಹಾಕಿದ್ದ. ಎಂಟು ವರ್ಷದ ಕೋಷ್ಟಕಗಳಿಂದ ಆಗದೇ ಇದ್ದದ್ದು ಒಂದು ಹಾಳೆ ಕನ್ನಡದಿಂದ ಆಯಿತು.

ಎರಡನೆಯ ಗಂಟು ‘ಇರು’ ಧಾತುವಿನದು. ‘ಐ ಆ್ಯಮ್ ಕೇಮ್’ ಎಂಬುದನ್ನು ನಮ್ಮ ಭಾಗದ ಶಾಲೆಗಳಲ್ಲಿ ವರ್ಷಕ್ಕೆ ನೂರು ಸಲ ತಿದ್ದುತ್ತೇವೆ. ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಸಂಧಿ ಬಿಡಿಸುವುದರಲ್ಲಿ ಹುಡುಗ ಚುರುಕು, ಆದ್ದರಿಂದ ‘ಬಂದಿದ್ದೇನೆ’ಯನ್ನು ಬಿಡಿಸು ಎಂದೆ. ‘ಬಂದು + ಇದ್ದೇನೆ, ಲೋಪಸಂಧಿ’ ಎಂದು ತಟ್ಟನೆ ಹೇಳಿದವನು, ತಾನು ಹೇಳಿದ್ದನ್ನೇ ಒಂದು ಕ್ಷಣ ನೋಡಿ, “ಹೌದಲ್ರಿ ಸರ, ‘ಆ್ಯಮ್’ ಇಲ್ಲೇ ಐತಿ” ಎಂದ. ‘ಬರುತ್ತಿದ್ದೇನೆ’ಯಲ್ಲೂ ಅದೇ ‘ಇದ್ದೇನೆ’. ಕನ್ನಡಕ್ಕೆ ಎರಡೂ ಕಡೆ ಒಂದೇ ಸಹಾಯಕ ಕ್ರಿಯಾಪದ ಸಾಕು. ಇಂಗ್ಲಿಷ್ ಮೊದಲನೆಯದಕ್ಕೆ ‘ಹ್ಯಾವ್’ ಎನ್ನುತ್ತದೆ, ಎರಡನೆಯದಕ್ಕೆ ‘ಆ್ಯಮ್’ ಎನ್ನುತ್ತದೆ. ಹಾಗಾಗಿ ‘ಇದ್ದೇನೆ’ಯ ಹಿಂದೆ ಏನಿದೆ ಎಂದು ನೋಡಬೇಕು: ‘ಉತ್ತ’ ಇದ್ದರೆ ‘ಆ್ಯಮ್’ ಮತ್ತು ‘ಇಂಗ್’, ‘ಬಂದು, ಹೋಗಿ, ಮಾಡಿ’ ಇದ್ದರೆ ‘ಹ್ಯಾವ್’ ಮತ್ತು ಮೂರನೆಯ ರೂಪ. ಕೋಷ್ಟಕದಲ್ಲಿ ಸತ್ತು ಬಿದ್ದಿದ್ದ ಪ್ರೆಸೆಂಟ್ ಪರ್ಫೆಕ್ಟ್ ಹೀಗೆ ಅವನಿಗೆ ಪರಿಚಯದ ಮುಖವಾಯಿತು.

ಇದೇ ಸೂತ್ರ ಇನ್ನೊಂದು ತಪ್ಪನ್ನು ಹುಟ್ಟಿಸಿತು ಎಂಬುದನ್ನೂ ಹೇಳಬೇಕು. ‘ನಿನ್ನೆ ಹಾವೇರಿಗೆ ಹೋಗಿದ್ದೆ’ ಎಂಬುದನ್ನು ಬಿಡಿಸಿ, ಅವನು ‘ಐ ಹ್ಯಾಡ್ ಗಾನ್ ಟು ಹಾವೇರಿ ಯೆಸ್ಟರ್ಡೇ’ ಎಂದು ಬರೆಯತೊಡಗಿದ. ಇಂಗ್ಲಿಷಿನ ಪ್ರಕಾರ ಅಲ್ಲಿ ‘ವೆಂಟ್’ ಸಾಕು. ಆದರೆ ದೊಡ್ಡ ಕೆಲಸದಲ್ಲಿರುವ ನಮ್ಮವರ ಪತ್ರಗಳಲ್ಲೂ ಈ ‘ಹ್ಯಾಡ್’ ನಿತ್ಯ ಕಾಣುವುದರಿಂದ, ಹುಡುಗನನ್ನು ಅದಕ್ಕಾಗಿ ಗೋಳುಹೊಯ್ದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹೆಡ್‌ಮಾಸ್ತರರ ‘ಆರ್’ ಮಾತ್ರ ವ್ಯಾಕರಣದಿಂದ ಬಗೆಹರಿಯುವ ಸಂಗತಿಯಾಗಿರಲಿಲ್ಲ. ‘ಹಿ ಈಸ್’ ಎಂದು ಬರೆಯಲು ಹೇಳಿದಾಗ ಅವನ ಪೆನ್ನು ನಿಂತಿತು. ‘ಹಿ’ ಎಂದರೆ ‘ಅಂವ’ ಎಂದಂತೆ, ಹೆಡ್‌ಮಾಸ್ತರರಿಗೆ ಹಾಗೆ ಅನ್ನುವುದು ಹೇಗೆ ಎಂಬುದು ಅವನ ಸಂಕಟ. ಇಂಗ್ಲಿಷಿನಲ್ಲಿ ರಾಷ್ಟ್ರಪತಿಗೂ ‘ಹಿ’ ಅಥವಾ ‘ಶಿ’ಯೇ ಎಂದಾಗ, ಆ ಭಾಷೆಯ ಮೇಲಿನ ಅವನ ಅಭಿಪ್ರಾಯ ಸ್ವಲ್ಪ ಕೆಳಗಿಳಿದಂತೆ ಕಂಡಿತು. ಬರೆದ, ಆದರೆ ಒಲ್ಲದ ಮನಸ್ಸಿನಿಂದ.

ಪದಸಂಪತ್ತಿನ ಕೆಲಸ ಬೇರೆ ದಾರಿ ಹಿಡಿಯಿತು. ತನಗೆ ಇಂಗ್ಲಿಷ್ ಪದಗಳೇ ಬರುವುದಿಲ್ಲ ಎಂಬುದು ಅವನ ದೃಢ ನಂಬಿಕೆ. ಹೊಲದ ಮೋಟರಿನಿಂದ ಶುರುಮಾಡಿ ಮನೆಯವರೆಗೆ, ದಿನವೂ ಕನ್ನಡದಲ್ಲಿ ಆಡುವ ಇಂಗ್ಲಿಷ್ ಮೂಲದ ಪದಗಳನ್ನು ಬರೆ ಎಂದೆ. ಮೋಟರ್, ಸ್ಟಾರ್ಟರ್, ಫ್ಯೂಸ್, ಪೈಪ್, ವಾಲ್ವ್, ಲೈನ್‌ಮನ್, ರೇಷನ್, ಲೋನ್, ಪಾಸ್‌ಬುಕ್, ಚಾರ್ಜ್, ಲೇಟ್, ಟೈಟ್, ಲೂಸ್ ಎನ್ನುತ್ತಾ ಮೂರು ಸಂಜೆಗಳಲ್ಲಿ ಪಟ್ಟಿ ಇನ್ನೂರನ್ನು ದಾಟಿತು. ಬಂಗಾಳದಲ್ಲಿ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುತ್ತಾ ಪದಗಳ ಆಯ್ಕೆಯ ಬಗ್ಗೆ ಯೋಚಿಸಲು ತೊಡಗಿದ ಮೈಕೆಲ್ ವೆಸ್ಟ್, 1953ರಲ್ಲಿ ಪ್ರಕಟಿಸಿದ ಆವಶ್ಯಕ ಪದಗಳ ಪಟ್ಟಿಯಲ್ಲಿ ಇರುವುದು ಸುಮಾರು 2000 ಮೂಲಪದಗಳು. ಏನೂ ಬಾರದು ಎಂದುಕೊಂಡ ಹುಡುಗನ ಜೇಬಿನಲ್ಲಿ ಇನ್ನೂರು ಪದ ಮೊದಲೇ ಇದ್ದವು ಎಂದರೆ ಅದು ಸಣ್ಣ ಮೊತ್ತವಲ್ಲ. ಎಲ್ಲವೂ ಚಲಾವಣೆಯ ನಾಣ್ಯಗಳೇನೂ ಅಲ್ಲ: ಅವನ ‘ಕರೆಂಟ್’ ವಿದ್ಯುತ್ತು ಮಾತ್ರ, ‘ಹೊಟೇಲ್’ ಎಂದರೆ ಇಡ್ಲಿ ಸಿಗುವ ಜಾಗ, ‘ಚಿಮಣಿ’ ಎಂದರೆ ಅಜ್ಜಿ ಹಚ್ಚುವ ಸೀಮೆಎಣ್ಣೆ ದೀಪ. ಪಾಠದಲ್ಲಿ ಮನೆಯ ಮೇಲೆ ಚಿಮಣಿ ಇದೆ ಎಂದು ಓದಿದಾಗ, ದೀಪವನ್ನು ಮಾಳಿಗೆಯ ಮೇಲೆ ಯಾಕೆ ಇಟ್ಟರು ಎಂದು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಹೊಸ ಪದಗಳನ್ನು ಉಳಿಸಿಕೊಳ್ಳಲು ಐದು ಖಾಲಿ ಕಡ್ಡಿಪೆಟ್ಟಿಗೆಗಳನ್ನು ಬಳಸಿದೆವು. ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನವಿದು: ಚೀಟಿಯ ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ, ನೆನಪಾದರೆ ಚೀಟಿ ಮುಂದಿನ ಪೆಟ್ಟಿಗೆಗೆ, ಮರೆತರೆ ಮತ್ತೆ ಮೊದಲನೆಯದಕ್ಕೆ. ಮೊದಲ ಪೆಟ್ಟಿಗೆಯನ್ನು ದಿನವೂ ತೆರೆಯಬೇಕು, ಕೊನೆಯದನ್ನು ತಿಂಗಳಿಗೊಮ್ಮೆ ತೆರೆದರೂ ಸಾಕು. ನಾನು ಮಾಡಿದ ಬದಲಾವಣೆ ಒಂದೇ: ಚೀಟಿಯ ಹಿಂಬದಿಯಲ್ಲಿ ಒಂಟಿ ಅರ್ಥವನ್ನು ಬರೆಯದೆ, ತನ್ನ ಮನೆಯ ಬಗ್ಗೆ ಒಂದು ವಾಕ್ಯ ಬರೆಯಬೇಕು. ‘ಬಾರೋ’ (ಸಾಲ ಪಡೆ) ಎಂಬ ಇಂಗ್ಲಿಷ್ ಪದದ ಚೀಟಿಯ ಹಿಂದೆ ಅವನು, ಅಪ್ಪ ಪ್ರತಿ ಜೂನ್‌ನಲ್ಲಿ ಸೊಸೈಟಿಯಿಂದ ಹಣ ಬಾರೋ ಮಾಡುತ್ತಾನೆ ಎಂದು ಬರೆದಿದ್ದ. ಆ ಪದ ಐದನೆಯ ಪೆಟ್ಟಿಗೆಗೆ ಬೇಗ ತಲುಪಿತು.

ಓದಿಗೆ ಪಠ್ಯವಾಗಿ ಒದಗಿದ್ದರಲ್ಲಿ ಅತ್ಯುತ್ತಮವಾದದ್ದು ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬಿಯ ಚೀಟಿ. ತೊಳೆದು ತರಲೂ ಬೇಡ, ಚೀಟಿಯ ಮಾತುಗಳನ್ನಷ್ಟೇ ದೂರದಿಂದ ನೋಡಿ ಬರೆದುಕೊಂಡು ಬಾ ಎಂದಿದ್ದೆ. ಮಕ್ಕಳ ಕೈಗೆ ಸಿಗದಂತೆ ಇಡಿ, ಬಳಸುವ ಮುನ್ನ ಅಲುಗಾಡಿಸಿ ಎಂಬ ಸೂಚನೆಗಳನ್ನು ಕೂಡಿಸಿ ಕೂಡಿಸಿ ಓದಿದ ಮೇಲೆ, ಈ ‘ಕೀಪ್’ ಎಂಬುದು ‘ಇಡು’ವೋ ‘ಇಡಿರಿ’ಯೋ ಎಂದು ಕೇಳಿದ. ಎರಡೂ ಹೌದು ಎಂದೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣಕ್ಕೆ ಅರ್ಥವಿದೆ, ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು ಎಂಬುದನ್ನು ಅಂದು ಇಬ್ಬರೂ ಕಲಿತೆವು. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಡಬ್ಬಿಯನ್ನು ಓದಿ ಹೇಳಿದ್ದಾನೆ. ಇಂಗ್ಲಿಷ್ ಅವನ ಮನೆಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲಿರಬೇಕು.

ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗದ ಮೂಲಭಾವನೆಯೂ ಇದೇ ಬಗೆಯದು: ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಕೂಡಿಬರುತ್ತದೆ. ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸುವ ಅವರ ವಿಧಾನವನ್ನು ಬಸ್ಸಿನ ವೇಳಾಪಟ್ಟಿಯೊಂದಿಗೆ ನಾನೂ ಬಳಸಿದೆ, ಫಲವೂ ಸಿಕ್ಕಿತು. ಆದರೆ ವ್ಯಾಕರಣವನ್ನು ಬಿಡಿಸಿ ಹೇಳಬಾರದೆಂಬ ಮಾತನ್ನು ಈ ಹುಡುಗನ ಮಟ್ಟಿಗೆ ನಾನು ಒಪ್ಪಲಾರೆ. ಆರು ವರ್ಷದ ಮಗುವಿಗೆ ಆ ಮಾತು ಸರಿ ಇರಬಹುದು. ಲೋಪಸಂಧಿ, ಚತುರ್ಥಿ ವಿಭಕ್ತಿ ಎಂದರೆ ಏನೆಂದು ತಿಳಿದಿರುವ, ಕಾರಣ ಕೇಳುವ ವಯಸ್ಸಿನ ಹುಡುಗನಿಗೆ ಕಾರಣ ಹೇಳದೆ ಕಾಯಿಸುವುದು ನ್ಯಾಯವೆನಿಸಲಿಲ್ಲ.

ಜನವರಿಯಲ್ಲಿ ಜೂನ್ ತಿಂಗಳ ಪರೀಕ್ಷೆಯನ್ನೇ ಮತ್ತೆ ಕೊಟ್ಟೆ: ಅದೇ ವಿಷಯ, ಅದೇ ಇಪ್ಪತ್ತು ನಿಮಿಷ. ಈ ಸಲ 19 ವಾಕ್ಯಗಳು. ‘ಟು ಮಿ’ ಇಲ್ಲ, ‘ಬಸ್ ಇನ್’ ಇಲ್ಲ, ‘ಆ್ಯಮ್ ಕೇಮ್’ ಇಲ್ಲ. ‘ಎ’ ಮತ್ತು ‘ದಿ’ಗಳು ಅರ್ಧ ಸರಿ, ಅರ್ಧ ತಪ್ಪು, ‘ಪುಸ್ತಕ ತಂದೆ’, ‘ಪುಸ್ತಕವನ್ನು ತಂದೆ’ ಎಂಬ ವ್ಯತ್ಯಾಸದಲ್ಲಿ ಅವುಗಳ ಸುಳಿವಿದೆ ಎಂದು ತೋರಿಸಿದ್ದೆನಾದರೂ, ಆ ಸುಳಿವು ವಾಕ್ಯದ ಕರ್ತೃವಿನ ಮಟ್ಟಿಗೆ ಕೈಕೊಡುತ್ತದೆ. ಮಾತಿನಲ್ಲಿ ಅವನು ಈಗಲೂ ಹಿಂದೆ. ನಲವತ್ತು ನಿಮಿಷದಲ್ಲಿ ಮೂವತ್ತೈದನ್ನು ನಾವು ಕನ್ನಡದಲ್ಲೇ ಕಳೆದದ್ದರ ಬೆಲೆ ಅದು, ಮತ್ತು ಆ ಹೊಣೆ ನನ್ನದು. ಇನ್ನು, ‘ಹಿ’, ‘ಶಿ’ಗಳ ಜೊತೆ ಕ್ರಿಯಾಪದಕ್ಕೆ ಸೇರಬೇಕಾದ ‘ಎಸ್’ ಹತ್ತು ತಿಂಗಳಲ್ಲಿ ಬರಲೇ ಇಲ್ಲ. 1970ರ ದಶಕದ ಅಧ್ಯಯನಗಳಲ್ಲಿ, ಇಂಗ್ಲಿಷ್ ಕಲಿಯುವ ಮಕ್ಕಳಿಗೆ ‘ಇಂಗ್’ ಬೇಗ ಒಲಿದು, ಈ ‘ಎಸ್’ ಬಹಳ ತಡವಾಗಿ ಒಲಿಯುವುದು ಕಂಡುಬಂದಿದೆ. ಅದನ್ನು ನೆನಪಿಟ್ಟು ನಾನು ಒತ್ತಾಯ ಮಾಡಲಿಲ್ಲ.

ಮಾರ್ಚ್ ತಿಂಗಳ ಕೊನೆಯ ಹಾಳೆಯಲ್ಲಿ ಅವನು ಅಜ್ಜಿಯ ಬಗ್ಗೆ ಬರೆದ ವಾಕ್ಯವೊಂದಿದೆ: ‘ಮೈ ಗ್ರ್ಯಾಂಡ್‌ಮದರ್ ನೋ ದಿ ನೇಮ್ ಆಫ್ ಎವ್ರಿ ಟ್ರೀ, ಬಟ್ ಶಿ ಡಸ್ ನಾಟ್ ನೋ ಹರ್ ಏಜ್.’ ಮೊದಲ ‘ನೋ’ಗೆ ‘ಎಸ್’ ಇಲ್ಲ. ಅಲ್ಪವಿರಾಮ ದಾಟಿದ ಮೇಲೆ, ಅದೇ ‘ಎಸ್’ ‘ಡಸ್’ ಒಳಗೆ ತನ್ನ ಜಾಗದಲ್ಲೇ ಕೂತಿದೆ. ಹೀಗೆ ಯಾಕೆ ಎಂದು ಕೇಳಿದೆ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇಲ್ಲಿ ಕಾಣತೈತ್ರಿ, ಅಲ್ಲಿ ಕಾಣಂಗಿಲ್ಲ,” ಎಂದು ಹೇಳಿ, ಬಸ್ಸಿನ ಹಾರ್ನ್ ಕೇಳಿದ್ದರಿಂದ ಚೀಲ ಹೆಗಲಿಗೇರಿಸಿ ಓಡಿದ.